ಬಿಗಿ ಕಟ್ಟಿನ ವಾಸ್ತವ ನಾಟಕ ಬರೆಯುವುದು ಹೇಗೆ: ಕಥೆಯ ಹುಡುಕಾಟದಿಂದ ಮೊದಲ ವಾಚನದವರೆಗೆ

ಒಂದೇ ಮನೆ. ನಾಲ್ಕೈದು ಜನ. ಒಂದೆರಡು ದಿನದ ಕಥೆ. ಹಿಂದೆ ಯಾವತ್ತೋ ಒಬ್ಬರು ಮಾಡಿದ ಕೆಲಸ ಇವತ್ತು ಲೆಕ್ಕ ಕೇಳಲು ಬಾಗಿಲಿಗೆ ಬಂದು ನಿಲ್ಲುತ್ತದೆ. ಪರದೆ ಬೀಳುವಷ್ಟರಲ್ಲಿ ಆ ಮನೆಯಲ್ಲಿ ಯಾರೂ ಮೊದಲಿನಂತೆ ಇರುವುದಿಲ್ಲ. ಬಿಗಿ ಕಟ್ಟಿನ ವಾಸ್ತವ ನಾಟಕ ಅಂದರೆ ಮುಖ್ಯವಾಗಿ ಇಷ್ಟೇ.

ಬೆಂಗಳೂರಿನ ಹೊಸ ನಾಟಕಕಾರರು ಈ ದಾರಿಗೆ ಬರುವುದು ಕಡಿಮೆ. ಅದಕ್ಕೆ ಕಾರಣವೂ ಇದೆ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿ ಬಿ.ವಿ. ಕಾರಂತರು ಬಯಲಲ್ಲಿ ನಾಟಕಗಳನ್ನು ಆಡಿಸಿದ ಮೇಲೆ ನಮ್ಮ ರಂಗಭೂಮಿಗೆ ಹಾಡು, ಕುಣಿತ, ಗುಂಪು, ಬಣ್ಣ ಎಲ್ಲ ಬಂತು. ನಾಲ್ಕು ಗೋಡೆಯ ನಡುವಿನ ಸಂಸಾರದ ನಾಟಕ ಹಳೆಯದಾಯಿತು ಅನ್ನಿಸಿತು. ಆದರೆ ಆ ಉತ್ಸವದ ಮೂರು ನಾಟಕಗಳಲ್ಲಿ ಒಂದು 'ಈಡಿಪಸ್'. ಹಳೆಯ ಕೊಲೆಯೊಂದರ ವಿಚಾರಣೆ ನಡೆಸುತ್ತಾ ಹೋದ ರಾಜ ತಾನೇ ಅಪರಾಧಿ ಎಂದು ಕಂಡುಕೊಳ್ಳುವ ಕಥೆ ಅದು. ಬಿಗಿ ಕಟ್ಟಿನ ನಾಟಕದ ಮೂಲ ಅಲ್ಲೇ ಇದೆ. ಹಾಗಾಗಿ ಈ ಎರಡು ದಾರಿಗಳಿಗೆ ಜಗಳವೇನಿಲ್ಲ.

ಈ ಊರಿಗೆ ಈ ರೂಪ ಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಇಲ್ಲಿನ ಪ್ರತಿ ಮನೆಯ ಬೀರುವಿನಲ್ಲಿ ಒಂದು ಫೈಲ್ ಇರುತ್ತದೆ. ಖಾತಾ, ಕ್ರಯಪತ್ರ, ಕಂದಾಯದ ರಸೀದಿ, ವಿಲ್. ಆ ಫೈಲ್‌ನಲ್ಲಿ ಪ್ರೀತಿ, ಭಯ, ಸುಳ್ಳು ಮೂರೂ ಸೇರಿರುತ್ತವೆ. ಅದನ್ನು ರಂಗದ ಮೇಲೆ ತೆರೆಯಲು ಇದಕ್ಕಿಂತ ತಕ್ಕ ರೂಪ ನನಗೆ ಕಂಡಿಲ್ಲ.

ಈ ಮಾರ್ಗದರ್ಶಿಯಲ್ಲಿ ಒಂದು ನಾಟಕವನ್ನು ಸೊನ್ನೆಯಿಂದ ಕಟ್ಟೋಣ. ಮೊದಲು ಈ ವಿದ್ಯೆ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡಿಬಿಡೋಣ.

ಈ ಕಟ್ಟು ಎಲ್ಲಿಂದ ಬಂತು

ಫ್ರಾನ್ಸಿನ ಯೂಜೀನ್ ಸ್ಕ್ರೀಬ್ (1791–1861) ಇದರ ದೊಡ್ಡ ಮೇಸ್ತ್ರಿ. ಜೊತೆಗಾರರನ್ನು ಇಟ್ಟುಕೊಂಡು ಮುನ್ನೂರಕ್ಕೂ ಹೆಚ್ಚು ನಾಟಕ ಬರೆದ. ಒಂದು ಗುಟ್ಟು, ಕೈತಪ್ಪಿದ ಒಂದು ಪತ್ರ, ಸರಿಯಾದ ಹೊತ್ತಿಗೆ ಒಬ್ಬರ ಪ್ರವೇಶ, ಕೊನೆಗೆ ಗುಟ್ಟು ರಟ್ಟು. ಎಲ್ಲವೂ ಅಳತೆಗೆ ಸರಿಯಾಗಿ ಕೂರುತ್ತಿತ್ತು. ಅವನ ನಂತರ ವಿಕ್ತೋರಿಯೆನ್ ಸಾರ್ದೂ ಅದೇ ಹಾದಿ ಹಿಡಿದ. ಬರ್ನಾರ್ಡ್ ಶಾ ಸಾರ್ದೂವನ್ನು ಸಿಕ್ಕಾಪಟ್ಟೆ ಗೇಲಿ ಮಾಡಿದ. ಕಟ್ಟು ಚೆನ್ನಾಗಿದೆ, ಒಳಗೆ ಮನುಷ್ಯರೇ ಇಲ್ಲ ಅನ್ನುವುದು ದೂರು.

ಆ ಕಟ್ಟಿನೊಳಗೆ ಮನುಷ್ಯರನ್ನು ತಂದವನು ನಾರ್ವೆಯ ಹೆನ್ರಿಕ್ ಇಬ್ಸನ್ (1828–1906). ಅವನು 1851ರಿಂದ 1857ರವರೆಗೆ ಬರ್ಗೆನ್ ಊರಿನ ರಂಗಮಂದಿರದಲ್ಲಿ ಕೆಲಸ ಮಾಡಿದ. ಅಲ್ಲಿ ಸ್ಕ್ರೀಬ್‌ನ ಅನೇಕ ನಾಟಕಗಳನ್ನು ಆಡಿಸುತ್ತಿದ್ದರು. ಯಂತ್ರ ಹೇಗೆ ಓಡುತ್ತದೆ ಅಂತ ಇಬ್ಸನ್ ಒಳಗಿನಿಂದ ಕಲಿತ. ಆಮೇಲೆ ಅದೇ ಯಂತ್ರವನ್ನು ಬೇರೆ ಕೆಲಸಕ್ಕೆ ಹಚ್ಚಿದ. ಸ್ಕ್ರೀಬ್‌ನಲ್ಲಿ ಗುಟ್ಟು ಹೊರಬಿದ್ದರೆ ಕಥೆ ಮುಗಿಯಿತು. ಇಬ್ಸನ್‌ನಲ್ಲಿ ನಿಜವಾದ ಮಾತುಕತೆ ಶುರುವಾಗುವುದೇ ಆಗ.

ನಮ್ಮಲ್ಲಿ ಟಿ.ಪಿ. ಕೈಲಾಸಂ (1884–1946) ಮನೆಯ ಹಜಾರವನ್ನೇ ರಂಗಕ್ಕೆ ತಂದರು. 'ಟೊಳ್ಳು ಗಟ್ಟಿ'ಯಲ್ಲಿ ಅಣ್ಣ ತಮ್ಮಂದಿರ ಸ್ವಭಾವವೇ ನಾಟಕ. ಅವರ ಪಾತ್ರಗಳು ಬೆಂಗಳೂರಿನ ಮನೆಗಳಲ್ಲಿ ಆಡುತ್ತಿದ್ದ ಕನ್ನಡವನ್ನೇ ಆಡಿದವು, ಇಂಗ್ಲಿಷ್ ಬೆರಕೆಯ ಸಮೇತ. ಶ್ರೀರಂಗರು (1904–1984) ಸಂಸಾರದ ಜೊತೆಗೆ ಸಮಾಜವನ್ನೂ ಅದೇ ಕೋಣೆಗೆ ಕರೆತಂದರು. ಅಂದರೆ ಹೊಸದಾಗಿ ಏನನ್ನೂ ಆಮದು ಮಾಡಿಕೊಳ್ಳಬೇಕಿಲ್ಲ.

ಹಂತ 1: ಒಂದು ನಾಟಕವನ್ನು ಹಿಂದಿನಿಂದ ಮುಂದಕ್ಕೆ ಓದಿ

ಇಬ್ಸನ್‌ನ 'ಗೊಂಬೆ ಮನೆ' ತೆಗೆದುಕೊಳ್ಳಿ. 1879ರ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲು ಪ್ರದರ್ಶನವಾಯಿತು. ಒಮ್ಮೆ ಸುಮ್ನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು ಕೊನೆಯ ದೃಶ್ಯದಿಂದ ಹಿಂದಕ್ಕೆ ಬನ್ನಿ. ಪ್ರತಿ ಘಟನೆಯ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಇದು ಯಾಕೆ ಆಯಿತು?

ನೋರಾಳ ಗಂಡ ಹೆಲ್ಮರ್‌ಗೆ ಎಲ್ಲ ಗೊತ್ತಾಯಿತು. ಯಾಕೆ? ಪತ್ರ ಓದಿದ. ಪತ್ರ ಯಾಕೆ ಬಂತು? ನೋರಾಗೆ ಗುಟ್ಟಾಗಿ ಸಾಲ ಕೊಟ್ಟಿದ್ದ ಕ್ರೋಗ್‌ಸ್ಟಾಡ್‌ನನ್ನು ಹೆಲ್ಮರ್‌ನ ಬ್ಯಾಂಕಿನ ಕೆಲಸದಿಂದ ತೆಗೆದರು. ಅದೂ ಅಷ್ಟು ಬೇಗ ಯಾಕೆ? ಅವನ ಪರವಾಗಿ ನೋರಾ ತುಂಬಾ ಬೇಡಿಕೊಂಡಳು, ಹೆಲ್ಮರ್ ರೇಗಿ ಆಗಿಂದಾಗಲೇ ವಜಾ ಪತ್ರ ಕಳಿಸಿದ. ಅವನ ಜಾಗಕ್ಕೆ ಯಾರು ಬಂದರು? ನೋರಾ ತಾನೇ ಶಿಫಾರಸು ಮಾಡಿದ ಗೆಳತಿ. ನೋಡಿ, ಗೆಳತಿಗೆ ಮಾಡಿದ ಉಪಕಾರ, ತನ್ನನ್ನು ಉಳಿಸಿಕೊಳ್ಳಲು ಮಾಡಿದ ಪ್ರಯತ್ನ, ಎರಡೂ ಅವಳ ಕುತ್ತಿಗೆಗೇ ಬಂದವು. ಹೊರಗಿನಿಂದ ವಿಧಿ ಬಂದು ಹೊಡೆದಿಲ್ಲ.

ಇನ್ನೊಂದು ಜಾಗಕ್ಕೆ ಗೆರೆ ಹಾಕಿ. ನೋರಾ ಗಂಡನ ಪ್ರಾಣ ಉಳಿಸಲು ಸಾಲ ಮಾಡಿದ್ದಳು. ಜಾಮೀನಿಗೆ ತನ್ನ ತಂದೆಯ ಸಹಿಯನ್ನು ತಾನೇ ಹಾಕಿದ್ದಳು. ಸಹಿಯ ತಾರೀಕು ಅಕ್ಟೋಬರ್ 2. ತಂದೆ ತೀರಿಹೋಗಿದ್ದು ಸೆಪ್ಟೆಂಬರ್ 29. ಎರಡು ತಾರೀಕು, ಅಷ್ಟೇ. ವಕೀಲನ ವಾದ ಬೇಡ, ಸಾಕ್ಷಿ ಬೇಡ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ನಿಮ್ಮ ನಾಟಕದ ಪುರಾವೆಯೂ ಇಷ್ಟು ಸರಳವಾಗಿರಬೇಕು.

ಹಂತ 2: ವಿಷಯ ಹುಡುಕಬೇಡಿ, ಹಳೆಯ ಕೆಲಸವೊಂದನ್ನು ಹುಡುಕಿ

"ನಗರದಲ್ಲಿ ಸಂಬಂಧಗಳ ಕುಸಿತ" ಅಂತ ಬರೆದುಕೊಂಡು ಕೂತರೆ ನಾಟಕ ಹುಟ್ಟುವುದಿಲ್ಲ. "ಅಣ್ಣ ಅಪ್ಪನ ಸಹಿ ಹಾಕಿದ" ಅಂತ ಬರೆಯಿರಿ. ಈಗ ಒಬ್ಬ ಮನುಷ್ಯ, ಒಂದು ಕೈ, ಒಂದು ಕಾಗದ ಸಿಕ್ಕಿತು.

ನಮ್ಮ ಉದಾಹರಣೆ ಹೀಗಿರಲಿ. ಮತ್ತಿಕೆರೆಯಲ್ಲಿ ಮೂವತ್ತು ನಲವತ್ತರ ಸೈಟಿನ ಮನೆ. ಕಟ್ಟಿಸಿದ ಅಪ್ಪ ಎಚ್‌ಎಂಟಿಯಲ್ಲಿ ದುಡಿದವರು. ತೀರಿಹೋಗಿ ಮೂರು ವರ್ಷ. ಮನೆ ಅಣ್ಣನಿಗೆ ಎಂದು ವಿಲ್ ಇದೆ. ಈಗ ಅಣ್ಣ ಮನೆ ಮಾರುತ್ತಿದ್ದಾನೆ. ಕೊಳ್ಳುವವರ ವಕೀಲರು ತಂಗಿಯದೂ ಒಂದು ಒಪ್ಪಿಗೆ ಸಹಿ ಇರಲಿ ಎಂದಿದ್ದಾರೆ. ತಂಗಿ ಶಿವಮೊಗ್ಗದಿಂದ ಬರುತ್ತಾಳೆ.

ಗುಟ್ಟು ಏನು? ಪಾರ್ಶ್ವವಾಯು ಹೊಡೆದು ಅಪ್ಪನ ಬಲಗೈ ಬಿದ್ದುಹೋಗಿತ್ತು. ವಿಲ್ ಆದದ್ದು ಅದರ ನಂತರ. ಆದರೂ ಅದರಲ್ಲಿ ಸಹಿ ನೆಟ್ಟಗೆ, ಗುಂಡಗೆ ಇದೆ.

ಆ ಕೆಲಸಕ್ಕೆ ಒಳ್ಳೆಯ ಕಾರಣ ಇರಲೇಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಅಣ್ಣ ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಿದ್ದಾನೆ. ಅಪ್ಪನನ್ನು ಎತ್ತಿ ಇಳಿಸಿ ನೋಡಿಕೊಂಡಿದ್ದಾನೆ. "ಮನೆ ನಿಂಗೇ ಕಣೋ" ಅಂತ ಅಪ್ಪ ಬಾಯಲ್ಲಿ ಹೇಳಿಯೂ ಇದ್ದರು, ಬರೆದುಕೊಡುವ ಮೊದಲೇ ಹೋದರು. ಹಾಗಾದರೆ ಅಣ್ಣ ಮಾಡಿದ್ದು ಕಳ್ಳತನವೋ, ಅಪ್ಪನ ಇಚ್ಛೆಯೋ? ಈ ಪ್ರಶ್ನೆಗೆ ನಿಮಗೇ ಸುಲಭದ ಉತ್ತರ ಸಿಗಬಾರದು. ಸಿಕ್ಕರೆ ಅಣ್ಣ ಬರೀ ವಿಲನ್ ಆಗುತ್ತಾನೆ, ಪ್ರೇಕ್ಷಕರು ಎರಡನೇ ದೃಶ್ಯಕ್ಕೇ ತೀರ್ಪು ಕೊಟ್ಟು ಕೂರುತ್ತಾರೆ.

ಕಾನೂನಿನ ವಿವರ ಸರಿಯಿರಲಿ. ವಿಲ್ ನೋಂದಣಿ ಕಡ್ಡಾಯವಲ್ಲ, ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಈ ಒಂದು ನಿಯಮವೇ ನಮಗೆ ಇನ್ನೊಂದು ಪಾತ್ರ ಕೊಡುತ್ತದೆ: ಮಹಡಿ ಮೇಲಿನ ಬಾಡಿಗೆಯವರು, ವಿಲ್‌ಗೆ ಸಾಕ್ಷಿ ಹಾಕಿದವರು. ಗೊತ್ತಿರುವ ವಕೀಲರೊಬ್ಬರಿಗೆ ಕಥೆ ಹೇಳಿ ನೋಡಿ. ಬೆಂಗಳೂರಿನ ಸಭಾಂಗಣದಲ್ಲಿ ಆಸ್ತಿ ವ್ಯವಹಾರ ತಿಳಿದವರು ಪ್ರತಿ ಸಾಲಿನಲ್ಲೂ ಇರುತ್ತಾರೆ.

ಹಂತ 3: ಎಷ್ಟು ತಡವಾಗಿ ಶುರು ಮಾಡಬಹುದೋ ಅಷ್ಟು ತಡವಾಗಿ ಶುರು ಮಾಡಿ

ಅಪ್ಪನ ಕಾಯಿಲೆಯಿಂದ ಶುರು ಮಾಡಬೇಡಿ. ಸಹಿ ಹಾಕಿದ ರಾತ್ರಿಯಿಂದಲೂ ಬೇಡ. ತಂಗಿ ಗೇಟು ತೆಗೆಯುವಲ್ಲಿಂದ ಶುರು ಮಾಡಿ. ಶುಕ್ರವಾರ ಸಂಜೆ ಬರುತ್ತಾಳೆ. ಶನಿವಾರ ಮಧ್ಯಾಹ್ನ ಅಗ್ರಿಮೆಂಟ್. ಶನಿವಾರ ರಾತ್ರಿ ಅವಳಿಗೆ ವಾಪಸ್ ರೈಲು. ನಾಟಕದ ಗಡಿಯಾರ ಇಷ್ಟೇ.

ಗಡುವು ಇಲ್ಲದಿದ್ದರೆ ಎಲ್ಲರೂ ಎಲ್ಲವನ್ನೂ ಮುಂದೂಡಬಹುದು. "ಆಮೇಲೆ ಮಾತಾಡೋಣ" ಅನ್ನುವುದು ನಮ್ಮ ಮನೆಗಳ ಅಭ್ಯಾಸ, ಅಲ್ವಾ? ಆ ಮಾತಿಗೆ ಜಾಗ ಇಲ್ಲದ ಹಾಗೆ ಮಾಡುವುದೇ ಗಡುವಿನ ಕೆಲಸ.

ಹಂತ 4: ಮನೆಯ ನಕ್ಷೆ ಬರೆಯಿರಿ

ನಿಜವಾಗಿ ಕಾಗದದ ಮೇಲೆ ಬರೆಯಿರಿ. ಗೇಟು ಎಲ್ಲಿ, ಹಾಲ್ ಎಲ್ಲಿ, ಅಡುಗೆಮನೆ ಬಾಗಿಲು ಯಾವ ಕಡೆ, ದೇವರಮನೆ, ಮಹಡಿ ಮೆಟ್ಟಿಲು, ಫೋನ್ ಚಾರ್ಜಿಗೆ ಹಾಕುವ ಸ್ವಿಚ್ ಬೋರ್ಡ್. ಅಡುಗೆಮನೆಯಲ್ಲಿ ನಿಂತವರಿಗೆ ಹಾಲ್‌ನ ಮಾತು ಎಷ್ಟು ಕೇಳುತ್ತದೆ? ಕುಕ್ಕರ್ ಕೂಗುವಾಗ ಕೇಳುತ್ತದೆಯೇ? ಹೊರಗೆ ಮೆಟ್ಟಿಲು ಇರುವ ಮನೆಯಾದರೆ ಬಾಡಿಗೆಯವರು ಹಾಲ್‌ಗೆ ಬರದೇ ಹೋಗಿಬಿಡಬಹುದು. ನಿಮಗೆ ಅವರು ಬೇಕಿದ್ದರೆ ನೀರಿನ ಮೋಟರ್ ಸ್ವಿಚ್ ಒಳಗಿಡಿ. ಸಂಜೆ ನೀರು ಬರದಿದ್ದರೆ ಅವರು ಬಂದೇ ಬರುತ್ತಾರೆ.

ಪ್ರತಿ ಪ್ರವೇಶಕ್ಕೂ ಎರಡು ಕಾರಣ ಇಡಿ. ಪಾತ್ರಕ್ಕೆ ಅದರದೇ ಒಂದು ಕಾರಣ (ನೀರು ಬಂದಿಲ್ಲ), ಕಥೆಗೆ ಬೇಕಾದ ಇನ್ನೊಂದು ಕಾರಣ (ವಿಲ್ ಮಾತು ಬಂದಾಗಲೇ ಸಾಕ್ಷಿ ಎದುರು ನಿಂತಿರಬೇಕು). ಮೊದಲನೆಯದು ಇಲ್ಲದಿದ್ದರೆ ನಾಟಕಕಾರನ ಕೈ ಕಾಣಿಸುತ್ತದೆ.

ರಂಗಮಂದಿರವನ್ನೂ ಈಗಲೇ ಯೋಚಿಸಿ. ರವೀಂದ್ರ ಕಲಾಕ್ಷೇತ್ರದ ದೊಡ್ಡ ಚೌಕಟ್ಟಿನ ರಂಗದಲ್ಲಿ ಮೂರು ಗೋಡೆ, ಎರಡು ಬಾಗಿಲಿನ ಪೂರ್ತಿ ಸೆಟ್ ಚೆನ್ನಾಗಿ ಕೂರುತ್ತದೆ. ಆದರೆ ಹಿಂದಿನ ಸಾಲಿಗೆ ಕೈಯಲ್ಲಿರುವ ಸಣ್ಣ ವಸ್ತು ಕಾಣುವುದಿಲ್ಲ. ಅದರ ಹೆಸರನ್ನು ಮಾತಿನಲ್ಲೂ ತರಬೇಕು. ಜೆ.ಪಿ. ನಗರದ ರಂಗಶಂಕರದ ವೇದಿಕೆ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ. ಅಲ್ಲಿ ಮುಖದ ಸಣ್ಣ ಬದಲಾವಣೆಯೂ ಮುಟ್ಟುತ್ತದೆ, ಆದರೆ ಪಕ್ಕದ ಗೋಡೆ ಎಬ್ಬಿಸಿದರೆ ಅರ್ಧ ಜನರಿಗೆ ನಾಟಕ ಮರೆಯಾಗುತ್ತದೆ. ಬಾಗಿಲ ಚೌಕಟ್ಟು, ನೆಲದ ಮೇಲಿನ ಗೆರೆ, ಪೀಠೋಪಕರಣ ಇಷ್ಟರಲ್ಲೇ ಮನೆ ಕಟ್ಟಬೇಕಾಗುತ್ತದೆ.

ಹಂತ 5: ಯಾರಿಗೆ ಏನು ಗೊತ್ತು?

ಇದು ಇಡೀ ಕೆಲಸದ ಬೆನ್ನೆಲುಬು. ಒಂದು ದೊಡ್ಡ ಹಾಳೆಯಲ್ಲಿ ಮೇಲೆ ಪಾತ್ರಗಳ ಹೆಸರು, ಕೆಳಗೆ ದೃಶ್ಯಗಳು. ಕೊನೆಯ ಕಾಲಂ ಪ್ರೇಕ್ಷಕರದು. ಪ್ರತಿ ದೃಶ್ಯದ ಕೊನೆಗೆ ಯಾರಿಗೆ ಎಷ್ಟು ಗೊತ್ತಾಗಿದೆ ಅಂತ ತುಂಬುತ್ತಾ ಬನ್ನಿ.

ನಮ್ಮ ನಾಟಕದ ಆರಂಭದಲ್ಲಿ ಅಣ್ಣನಿಗೆ ಎಲ್ಲ ಗೊತ್ತು. ಬಾಡಿಗೆಯವರಿಗೆ ಅರ್ಧ ಗೊತ್ತು: ಅಪ್ಪ ಸಹಿ ಹಾಕಿದ್ದನ್ನು ಅವರು ನೋಡಿಲ್ಲ, ಕಾಗದ ತಂದಾಗ ಸಾಕ್ಷಿ ಹಾಕಿಕೊಟ್ಟಿದ್ದಾರೆ. ಅಮ್ಮನಿಗೆ ಅಪ್ಪನ ಆಸೆ ಗೊತ್ತು, ಸಹಿಯ ಕಥೆ ಗೊತ್ತಿಲ್ಲ. ಅತ್ತಿಗೆಗೆ ಅನುಮಾನ ಇದೆ, ಆದರೆ ಒಂದು ದಿನವೂ ಕೇಳಿಲ್ಲ. ಕೇಳದೇ ಇರುವುದೇ ಅವಳ ಸಂಸಾರ ನಡೆದ ರೀತಿ. ತಂಗಿಗೆ ಏನೂ ಗೊತ್ತಿಲ್ಲ. ಅಣ್ಣನ ಮಗಳ ಹತ್ತಿರ ಪುರಾವೆಯೇ ಇದೆ, ಅದು ಪುರಾವೆ ಅಂತ ಅವಳಿಗೆ ಗೊತ್ತಿಲ್ಲ.

ಒಂದು ದೃಶ್ಯ ಮುಗಿದ ಮೇಲೆ ಯಾವ ಕಾಲಂನಲ್ಲೂ ಏನೂ ಬದಲಾಗಿಲ್ಲ ಅಂದರೆ ಆ ದೃಶ್ಯ ಬೇಡ. ಮಾತು ಎಷ್ಟೇ ಚಂದ ಇರಲಿ, ತೆಗೆಯಿರಿ.

ಪ್ರೇಕ್ಷಕರ ಕಾಲಂ ಬಗ್ಗೆ ಒಂದು ಮಾತು. ಗುಟ್ಟನ್ನು ಕೊನೆಯವರೆಗೆ ಮುಚ್ಚಿಟ್ಟು ಬೆಚ್ಚಿಬೀಳಿಸೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಅಣ್ಣನ ಗುಟ್ಟು ಪ್ರೇಕ್ಷಕರಿಗೆ ಮೊದಲ ಅಂಕದ ಮಧ್ಯದಲ್ಲೇ ಗೊತ್ತಾಗಲಿ. ಆಗ ತಂಗಿ ನಗುತ್ತಾ ಆಡುವ ಪ್ರತಿ ಮಾತೂ ಅವರ ಎದೆ ಬಡಿತ ಹೆಚ್ಚಿಸುತ್ತದೆ. ಬೆಚ್ಚಿಬೀಳುವುದು ಒಂದು ಕ್ಷಣ. ಕಾಯುವ ಆತಂಕ ಇಡೀ ಸಂಜೆ ಉಳಿಯುತ್ತದೆ.

ಹಂತ 6: ಘಟನೆಗಳನ್ನು "ಅದಕ್ಕೇ" ಎಂದು ಜೋಡಿಸಿ

ಕಥೆಯನ್ನು ಗೆಳೆಯರಿಗೆ ಬಾಯಲ್ಲಿ ಹೇಳಿ. ಎರಡು ಘಟನೆಗಳ ನಡುವೆ "ಆಮೇಲೆ" ಅಂತ ಬಂದರೆ ಅಲ್ಲಿ ಕೊಂಡಿ ಇಲ್ಲ. "ಅದಕ್ಕೇ" ಅಂತ ಬರಬೇಕು, ಇಲ್ಲವೇ "ಆದರೆ".

ತಂಗಿ ಸಹಿ ಹಾಕಲು ಖುಷಿಯಿಂದಲೇ ಬಂದಿದ್ದಾಳೆ. ಆದರೆ ಅಪ್ಪನ ಕೊನೆಯ ಸಹಿ ನೋಡುವ ಆಸೆ ಅವಳಿಗೆ. "ಒಂದ್ಸಲ ವಿಲ್ ತೋರ್ಸು ಅಣ್ಣ, ಅಪ್ಪನ ಸಹಿ ನೋಡ್ತೀನಿ." ಅಣ್ಣ ಹೆದರುತ್ತಾನೆ, ಅದಕ್ಕೇ ಲಾಯರ್ ಹತ್ರ ಇದೆ ಎನ್ನುತ್ತಾನೆ. ಅದಕ್ಕೇ ಅವಳು ಲಾಯರ್ ಆಫೀಸಿಗೆ ತಾನೇ ಫೋನ್ ಮಾಡುತ್ತಾಳೆ. ಅವಳಿಗೆ ಅನುಮಾನ ಇಲ್ಲ, ಪ್ರೀತಿ ಇದೆ. ಆ ಪ್ರೀತಿಯೇ ಗುಟ್ಟಿನ ಬಾಗಿಲು ತೆಗೆಯುತ್ತದೆ. ಅವಳನ್ನು ಪತ್ತೇದಾರಿ ಮಾಡಿದ್ದರೆ ನಾಟಕ ಬಡವಾಗುತ್ತಿತ್ತು.

ಕಾಕತಾಳೀಯ ಒಂದಕ್ಕೆ ಅವಕಾಶ ಉಂಟು. ಅದು ಕಥೆಯ ಮೊದಲಿಗೇ ಬರಲಿ, ಮತ್ತು ಪಾತ್ರಗಳ ಕಷ್ಟ ಹೆಚ್ಚಿಸಲಿ. ಕಷ್ಟ ಪರಿಹರಿಸಲು ಆಕಸ್ಮಿಕ ತಂದರೆ ಪ್ರೇಕ್ಷಕರು ಕ್ಷಮಿಸುವುದಿಲ್ಲ.

ಹಂತ 7: ಬಿತ್ತಿ, ಮರೆಸಿ, ಕೊಯ್ಯಿರಿ

ಪುರಾವೆ ಬೇಕಾದ ಹೊತ್ತಿಗೆ ಸರಿಯಾಗಿ ಅದು ಸಿಗಬಾರದು. ಮೊದಲೇ ಎಲ್ಲರ ಕಣ್ಣೆದುರು ಬಿದ್ದಿರಬೇಕು, ಬೇರೆ ಯಾವುದೋ ಅರ್ಥದಲ್ಲಿ.

ನಮ್ಮ ನಾಟಕದಲ್ಲಿ ಅದು ಅಣ್ಣನ ಮಗಳ ಹಳೆಯ ಡ್ರಾಯಿಂಗ್ ಪುಸ್ತಕ. ಕಾಯಿಲೆಯಾದ ಮೇಲೆ ತಾತ ಮೊಮ್ಮಗಳ ಜೊತೆ ಕೂತು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದರು. ಮನೆ ಖಾಲಿ ಮಾಡುವಾಗ ಅದು ಹೊರಬರುತ್ತದೆ. ಮೊದಲ ಸಲ ಎಲ್ಲರೂ ನಗುತ್ತಾರೆ: "ತಾತಂಗೆ ನನಗಿಂತ ಕಮ್ಮಿ ಮಾರ್ಕ್ಸ್." ಎರಡನೇ ಸಲ ರಾತ್ರಿ ಅಮ್ಮ ಅದನ್ನು ತಿರುವಿ ಹಾಕುತ್ತಾ ಗಂಡನನ್ನು ನೆನೆಯುತ್ತಾಳೆ. ಮೂರನೇ ಸಲ ತಂಗಿ ಅದನ್ನು ವಿಲ್‌ನ ಪ್ರತಿಯ ಪಕ್ಕದಲ್ಲಿ ಇಡುತ್ತಾಳೆ. ಒಂದು ಕಡೆ ನಡುಗುವ ಗೆರೆ, ಇನ್ನೊಂದು ಕಡೆ ಗುಂಡಗಿನ ಸಹಿ. ಪುಟದ ಮೇಲೆ ಮಗು ತನ್ನ ಕೈಯಾರೆ ತಾರೀಕು ಬರೆದಿರಲಿ. ಅದು ಮಕ್ಕಳ ಅಭ್ಯಾಸ, ಯಾರೂ ಪ್ರಶ್ನಿಸುವುದಿಲ್ಲ.

ವಸ್ತುವಿನ ಬದಲು ಒಂದು ಮಾತನ್ನೂ ಬಿತ್ತಬಹುದು. ಆರ್ಥರ್ ಮಿಲ್ಲರ್‌ನ 'ಆಲ್ ಮೈ ಸನ್ಸ್' (1947) ಇದಕ್ಕೆ ನನ್ನ ಅಚ್ಚುಮೆಚ್ಚಿನ ಪಾಠ. ಕಾರ್ಖಾನೆ ಮಾಲೀಕ ಜೋ ಕೆಲ್ಲರ್ ಯುದ್ಧವಿಮಾನಗಳಿಗೆ ಬಿರುಕುಬಿಟ್ಟ ಭಾಗಗಳನ್ನು ಕಳಿಸಲು ಬಿಟ್ಟ, 21 ಪೈಲಟ್‌ಗಳು ಸತ್ತರು. ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ ಅಂದು ಅವನು ಪಾರಾಗಿದ್ದಾನೆ, ಪಾಲುದಾರ ಜೈಲಿನಲ್ಲಿದ್ದಾನೆ. ಪಾಲುದಾರನ ಮಗ ಸಿಟ್ಟಿನಿಂದ ಬರುತ್ತಾನೆ. ಕೆಲ್ಲರ್‌ನ ಹೆಂಡತಿ ಅಕ್ಕರೆಯಿಂದ ಮಾತಾಡಿ ಅವನನ್ನು ಮೆತ್ತಗೆ ಮಾಡುತ್ತಾಳೆ. ಎಲ್ಲ ಸರಿಹೋಯಿತು ಅನ್ನುವಾಗ ಗಂಡನ ಆರೋಗ್ಯ ಹೊಗಳುತ್ತಾ ಹದಿನೈದು ವರ್ಷದಲ್ಲಿ ಇವರು ಒಂದು ದಿನ ಹಾಸಿಗೆ ಹಿಡಿದಿಲ್ಲ ಅಂದುಬಿಡುತ್ತಾಳೆ. ಮುಗಿಯಿತು. ಗಂಡನನ್ನು ಬೀಳಿಸಿದ್ದು ಶತ್ರುವಿನ ಪ್ರಶ್ನೆಯಲ್ಲ, ಹೆಂಡತಿಯ ಹೆಮ್ಮೆ. ಇಂಥ ಒಂದು ಮಾತು ಸಿಕ್ಕರೆ ತಿಂಗಳುಗಟ್ಟಲೆ ಕೂತದ್ದು ಸಾರ್ಥಕ.

ಹಂತ 8: ಮೊಬೈಲ್ ಅನ್ನು ಅಂಚೆಪೆಟ್ಟಿಗೆ ಮಾಡಿ

ಇಬ್ಸನ್‌ಗೆ ಬೀಗ ಹಾಕಿದ ಅಂಚೆಪೆಟ್ಟಿಗೆ ಇತ್ತು. ಪತ್ರ ಒಳಗೆ ಬಿದ್ದಿದೆ, ಗಾಜಿನಾಚೆ ಕಾಣುತ್ತಿದೆ, ಬೀಗದ ಕೈ ಗಂಡನ ಹತ್ತಿರ. ಈಗ ಎಲ್ಲರ ಜೇಬಿನಲ್ಲೂ ಫೋನ್. ಒಂದು ಕರೆಯಲ್ಲಿ ಎಲ್ಲ ಬಯಲಾಗುತ್ತದಲ್ಲ ಅಂತ ಬರಹಗಾರರು ಗಾಬರಿಯಾಗುತ್ತಾರೆ. ಕೆಲವರು ನೆಟ್‌ವರ್ಕ್ ಇಲ್ಲದ ಕಾಡಿಗೆ ಕಥೆ ಒಯ್ಯುತ್ತಾರೆ, ಕೆಲವರು 1985ಕ್ಕೆ ಒಯ್ಯುತ್ತಾರೆ. ಅಗತ್ಯವಿಲ್ಲ.

ತಂಗಿಯ ಫೋನ್ ಹಾಲ್‌ನ ಸ್ವಿಚ್ ಬೋರ್ಡ್ ಕೆಳಗೆ ಚಾರ್ಜಿಗೆ ಇದೆ. ಅವಳು ಅಮ್ಮನ ಜೊತೆ ದೇವರಮನೆಯಲ್ಲಿ. ಪರದೆ ಬೆಳಗುತ್ತದೆ. ಲಾಯರ್ ಆಫೀಸಿನಿಂದ ಪಿಡಿಎಫ್ ಬಂದಿದೆ. ಅಣ್ಣ ಒಬ್ಬನೇ ಅದನ್ನು ನೋಡುತ್ತಾನೆ. ಫೋನ್ ಲಾಕ್ ಆಗಿದೆ, ತೆಗೆಯಲಾರ. ಅಡಗಿಸಿಡಬಹುದು, ಆದರೆ ಎಷ್ಟು ಹೊತ್ತು? ಅತ್ತಿಗೆ ಬಂದು "ಯಾರ್ದು ಫೋನ್ ಬಡ್ಕೊಳ್ತಿದೆ?" ಅಂತಾಳೆ. ಇಲ್ಲಿ ಮಾತೇ ಇಲ್ಲದೆ ನಟನಿಗೆ ಒಂದು ದೊಡ್ಡ ದೃಶ್ಯ ಸಿಕ್ಕಿತು. ಸಂದೇಶ ಓದಿದ್ದಾರೆ ಅಂತ ತೋರಿಸುವ ನೀಲಿ ಗೆರೆ, ಅಳಿಸಿದ ಮೆಸೇಜ್, ಫ್ಯಾಮಿಲಿ ಗ್ರೂಪಿಗೆ ತಪ್ಪಿ ಹೋದ ಫೋಟೋ, ಇವೆಲ್ಲ ಇವತ್ತಿನ ಮನೆಗಳಲ್ಲಿ ದಿನಾ ನಡೆಯುವ ಸಂಗತಿಗಳು. ಬಳಸಿ. ಒಂದೇ ಎಚ್ಚರಿಕೆ: ಫೋನ್‌ನಲ್ಲಿ ಮಾತಾಡುವ ದೃಶ್ಯಗಳು ಜಾಸ್ತಿ ಆಗದಿರಲಿ. ರಂಗದ ಮೇಲೆ ಇಬ್ಬರು ಎದುರೆದುರು ಇರಬೇಕು.

ಹಂತ 9: ಮಾತು

ಹಿಂದಿನ ಸಂಗತಿ ಹೇಳುವುದೇ ಈ ರೂಪದ ಕಷ್ಟ. "ಅಣ್ಣಾ, ನಿನಗೆ ಗೊತ್ತಿರುವ ಹಾಗೆ ನಮ್ಮ ತಂದೆ ತೀರಿಕೊಂಡು ಮೂರು ವರ್ಷವಾಯಿತು" ಅಂತ ಯಾವ ತಂಗಿಯೂ ಹೇಳುವುದಿಲ್ಲ. ಗೊತ್ತಿರುವ ವಿಷಯವನ್ನು ಮನೆಯವರು ಬಾಯಿಬಿಟ್ಟು ಹೇಳುವುದು ಚುಚ್ಚಬೇಕಾದಾಗ ಮಾತ್ರ.

"ಅಪ್ಪನ ಕುರ್ಚಿ ಎಲ್ಲಿ?"
"ಮಹಡಿಗೆ ಹಾಕ್ಸಿದೀನಿ. ಅಮ್ಮ ಅದನ್ನೇ ನೋಡ್ತಾ ಕೂತಿರ್ತಿದ್ಲು."
"ಮೂರು ವರ್ಷ ಆಯ್ತಲ್ಲ ಅಣ್ಣ."
"ನಿಂಗೆ ಆಯ್ತು."

ನಾಲ್ಕು ಸಾಲು. ಸಾವು, ಕಾಲ, ಅಮ್ಮನ ಸ್ಥಿತಿ, ಅಣ್ಣನ ಒಳಗಿನ ದೂರು ಎಲ್ಲ ಬಂತು. ಹಳೆಯ ಸಂಗತಿಯನ್ನು ಹೀಗೆ ಜಗಳದ ಒಳಗೆ ಅಡಗಿಸಿ ಕೊಡಿ.

ಕನ್ನಡದಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಏಕವಚನ, ಬಹುವಚನ. ಸೊಸೆ ಅತ್ತೆಗೆ "ನೀವು" ಅನ್ನುತ್ತಾಳೆ, ಬಾಡಿಗೆಯವರನ್ನು ಅಣ್ಣ "ಸಾರ್" ಅನ್ನುತ್ತಾನೆ, ತಂಗಿ ಅಣ್ಣನಿಗೆ "ನೀನು" ಅನ್ನುತ್ತಾಳೆ. ಇದನ್ನು ಮೊದಲೇ ತೀರ್ಮಾನಿಸಿ, ಕಟ್ಟುನಿಟ್ಟಾಗಿ ಪಾಲಿಸಿ. ಆಗ ಯಾರಾದರೂ ಒಮ್ಮೆ ಬದಲಿಸಿದರೆ ಅದೇ ಒಂದು ಘಟನೆಯಾಗುತ್ತದೆ. ಇಂಗ್ಲಿಷ್ ಬೆರಕೆಗೂ ಇದೇ ನಿಯಮ. ಅಣ್ಣ ತಪ್ಪಿಸಿಕೊಳ್ಳಬೇಕಾದಾಗ ಮಾತ್ರ ಇಂಗ್ಲಿಷಿಗೆ ಹೊರಳಲಿ: "ಇಟ್ಸ್ ಜಸ್ಟ್ ಎ ಫಾರ್ಮಾಲಿಟಿ." ಎರಡು ಸಲ ಹೀಗಾದರೆ ಸಾಕು, ಮೂರನೇ ಸಲ ಅವನು ಇಂಗ್ಲಿಷ್ ಶುರು ಮಾಡಿದ ಕೂಡಲೇ ಸುಳ್ಳು ಅಂತ ಪ್ರೇಕ್ಷಕರಿಗೇ ತಿಳಿಯುತ್ತದೆ.

ಹಂತ 10: ನೋಡಲೇಬೇಕಾದ ದೃಶ್ಯವನ್ನು ತಪ್ಪಿಸಬೇಡಿ

ಡ್ರಾಯಿಂಗ್ ಪುಸ್ತಕ ಕಂಡಾಗಿನಿಂದ ಪ್ರೇಕ್ಷಕರು ಒಂದೇ ದೃಶ್ಯಕ್ಕೆ ಕಾಯುತ್ತಿರುತ್ತಾರೆ: ಅಣ್ಣ, ತಂಗಿ, ಎರಡು ಕಾಗದ. ಆ ದೃಶ್ಯವನ್ನು ಒಳಕೋಣೆಯಲ್ಲಿ ನಡೆಸಬೇಡಿ. ಮಾರನೇ ದಿನ ಯಾರೋ ಬಂದು ವರದಿ ಹೇಳುವುದೂ ಬೇಡ. ಉಳಿದವರನ್ನೆಲ್ಲ ಸಹಜವಾದ ಕಾರಣ ಕೊಟ್ಟು ಹೊರಗೆ ಕಳಿಸಿ, ಇಬ್ಬರನ್ನೇ ಬಿಡಿ.

ಬರೆಯುವಾಗ ಇಬ್ಬರ ಪರವಾಗಿಯೂ ವಾದಿಸಿ. ಅಣ್ಣನ ಮಾತು ಬರೆಯುವ ದಿನ ಅಣ್ಣನೇ ಸರಿ ಅನ್ನಿಸಬೇಕು. "ನೀನ್ ಎಷ್ಟು ಸಲ ಬಂದೆ? ಬೆಡ್‌ಪ್ಯಾನ್ ಯಾರು ತೆಗೆದ್ರು?" ತಂಗಿಗೂ ಉತ್ತರ ಇರಲಿ: "ಕೇಳಿದ್ರೆ ಕೊಡ್ತಿದ್ದೆ. ನೀನು ಕೇಳ್ಲಿಲ್ಲ." ನನಗೆ ಈ ನಾಟಕದ ನಿಜವಾದ ನೋವು ಈ ಕೊನೆಯ ಮಾತಿನಲ್ಲಿದೆ ಅನ್ನಿಸುತ್ತದೆ. ಅವಳಿಂದ ಆಸ್ತಿ ಕಿತ್ತುಕೊಂಡಿದ್ದಕ್ಕಿಂತ, ತಾನಾಗಿ ಕೊಡುವ ಅವಕಾಶ ಕಿತ್ತುಕೊಂಡಿದ್ದು ದೊಡ್ಡದು.

ಹಂತ 11: ಕೊನೆಯನ್ನು ದುರಸ್ತಿ ಮಾಡಬೇಡಿ

ಸ್ಕ್ರೀಬ್ ಆಗಿದ್ದರೆ ಇಲ್ಲಿ ಬೀರುವಿನ ಹಿಂದಿನಿಂದ ಅಪ್ಪನ ನಿಜವಾದ ವಿಲ್ ಬೀಳುತ್ತಿತ್ತು. ಹಾಗೆ ಮಾಡಿದರೆ ಎಲ್ಲರಿಗೂ ನೆಮ್ಮದಿ, ನಾಟಕ ಮಾತ್ರ ಸತ್ತಂತೆ.

'ಗೊಂಬೆ ಮನೆ'ಗೆ ಜರ್ಮನಿಯಲ್ಲಿ ಏನಾಯಿತು ನೋಡಿ. ನೋರಾ ಮಕ್ಕಳನ್ನು ಬಿಟ್ಟು ಹೊರಡುವುದನ್ನು ತಾನು ಅಭಿನಯಿಸುವುದಿಲ್ಲ ಎಂದು ಅಲ್ಲಿನ ಪ್ರಸಿದ್ಧ ನಟಿ ಹೆಡ್ವಿಗ್ ನೀಮನ್ ರಾಬೆ ಪಟ್ಟು ಹಿಡಿದಳು. ಬೇರೆಯವರು ತಿದ್ದುವ ಬದಲು ತಾನೇ ಬದಲಿಸುವುದು ಮೇಲು ಎಂದು ಇಬ್ಸನ್ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ನೋರಾ ಮಲಗಿದ ಮಕ್ಕಳನ್ನು ನೋಡಿ ಕುಸಿದು ಉಳಿದುಬಿಡುತ್ತಾಳೆ. ಅದು ನಾಟಕದ ಮೇಲೆ ನಡೆದ ಅನಾಗರಿಕ ಹಲ್ಲೆ ಎಂದು ಅವನೇ ಹೇಳಿದ. ಇವತ್ತು ಜಗತ್ತು ಆಡುವುದು ಮೊದಲಿನ ಕೊನೆಯನ್ನೇ.

ನಮ್ಮ ತಂಗಿ ಏನು ಮಾಡಬೇಕು? ಸಹಿ ಹಾಕದೆ ಹೊರಡಬಹುದು, ಕೋರ್ಟಿಗೆ ಹೋಗಬಹುದು. ನಾನಾದರೆ ಅವಳಿಂದ ಸಹಿ ಹಾಕಿಸುತ್ತೇನೆ. ಎಲ್ಲ ಗೊತ್ತಿದ್ದೂ ಹಾಕುತ್ತಾಳೆ. ಪೆನ್ ತೆಗೆದುಕೊಂಡು ಅಣ್ಣನಿಗೆ "ಎಲ್ಲಿ ಹಾಕ್ಬೇಕು ಹೇಳಿ" ಅನ್ನುತ್ತಾಳೆ. ಅಷ್ಟು ಹೊತ್ತು "ನೀನು" ಎಂದವಳು ಬಹುವಚನಕ್ಕೆ ಬಂದಳು. ಅಣ್ಣನಿಗೆ ಮನೆ ಸಿಕ್ಕಿತು, ತಂಗಿ ಹೋದಳು. ಇದಕ್ಕೆ ಬೇರೆ ಭಾಷಣ ಬೇಡ.

ಹಂತ 12: ಓದಿಸಿ, ಕತ್ತರಿಸಿ, ಕೈಗೆ ಕೊಡಿ

ಮೊದಲ ಕರಡು ಮುಗಿದ ಮೇಲೆ ಐದಾರು ಜನರನ್ನು ಮನೆಗೆ ಕರೆದು ಓದಿಸಿ. ನೀವು ಯಾವ ಪಾತ್ರವನ್ನೂ ಓದಬೇಡಿ. ವಿವರಣೆ ಕೊಡಬೇಡಿ. ಕೇಳುಗರ ಮುಖ ನೋಡುತ್ತಾ ಸ್ಕ್ರಿಪ್ಟಿನ ಅಂಚಿನಲ್ಲಿ ಗುರುತು ಹಾಕಿ: ಎಲ್ಲಿ ಕುರ್ಚಿಯಲ್ಲಿ ಸರಿದು ಕೂತರು, ಎಲ್ಲಿ ಫೋನ್ ತೆಗೆದರು. ಮುಗಿದ ಮೇಲೆ "ಚೆನ್ನಾಗಿತ್ತಾ?" ಅಂತ ಕೇಳಬೇಡಿ. "ಅಣ್ಣನ ಗುಟ್ಟು ನಿಮಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿ. ಐದನೇ ಹಂತದ ಹಾಳೆಯ ಜೊತೆ ಉತ್ತರ ಹೋಲಿಸಿ. ಹೊಂದದ ಕಡೆ ತಿದ್ದಬೇಕು.

ಕತ್ತರಿಸುವಾಗ ಮೊದಲು ಹೋಗಬೇಕಾದದ್ದು ನಿಮ್ಮ ಅಭಿಪ್ರಾಯ ಹೇಳುವ ಪಾತ್ರದ ಉದ್ದ ಮಾತು. ಪ್ರತಿ ಕರಡಿನಲ್ಲೂ ಅಂಥ ಒಬ್ಬ ಇರುತ್ತಾನೆ, ಹೆಚ್ಚಾಗಿ ಬಾಡಿಗೆಯವರ ರೂಪದಲ್ಲಿ.

ಮೊದಲ ನಿಮಿಷಗಳ ಬಗ್ಗೆಯೂ ಸಭಾಂಗಣ ನೋಡಿ ನಿರ್ಧರಿಸಿ. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ಮೊದಲ ವಾಕ್ಯದಲ್ಲೇ ಮುಖ್ಯ ಸುಳಿವು ಇಡಬಹುದು. ತಡವಾಗಿ ಬಂದವರಿಗೂ ಬಾಗಿಲು ತೆರೆದಿರುವ ಕಡೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಬಂದು ಕೂರುವವರೆಗೆ ಅಪ್ಪನ ಬಲಗೈ ವಿಷಯ ತೆಗೆಯಬೇಡಿ. ತೆಗೆದರೂ ಇನ್ನೊಮ್ಮೆ ಬರುವ ಹಾಗೆ ನೋಡಿಕೊಳ್ಳಿ.

ನಿರ್ದೇಶಕರಿಗೆ ಸ್ಕ್ರಿಪ್ಟ್ ಕೊಡುವಾಗ ಜೊತೆಗೆ ಮೂರು ಹಾಳೆ ಇರಲಿ: ಮನೆಯ ನಕ್ಷೆ, ಯಾರಿಗೆ ಏನು ಗೊತ್ತು ಅನ್ನುವ ಪಟ್ಟಿ, ಪ್ರಾಪರ್ಟಿ ಪಟ್ಟಿ (ರಂಗದ ಮೇಲೆ ಬಳಸುವ ವಸ್ತುಗಳದು). ಪ್ರಾಪರ್ಟಿ ಪಟ್ಟಿಯಲ್ಲಿ ಡ್ರಾಯಿಂಗ್ ಪುಸ್ತಕದ ಎರಡು ಪ್ರತಿ ಬರೆಯಿರಿ. ಪ್ರತಿ ಶೋನಲ್ಲೂ ಮೂರು ಕೈ ಬದಲಾಗುವ ವಸ್ತು ಅದು, ತಾಲೀಮಿನಲ್ಲೇ ಹರಿದುಹೋಗುತ್ತದೆ.